ನಾರ್ವೆಯ ರೋಸ್ಟ್ ದ್ವೀಪ: ವಯಸ್ಸಾದ ತಂದೆ-ತಾಯಿಯನ್ನು ಕರೆದುಕೊಂಡು ಹೋಗಬಹುದೇ? ಅಲ್ಲಿನ ಬದುಕು, ಚರಿತ್ರೆ ಬಲ್ಲವರು ತಿಳಿಸಿ

ಪ್ರಶ್ನೆ: ತ್ರೊಂಡ್‌ಹೈಮ್‌ವಾಸಿ

ಎಲ್ಲರಿಗೂ ನಮಸ್ಕಾರ. ನಾನು ತ್ರೊಂಡ್‌ಹೈಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದೇನೆ. ಮೈಸೂರಿನಲ್ಲಿರುವ ನನ್ನ ತಂದೆ-ತಾಯಿ ಮೇ ತಿಂಗಳ ಆರಂಭದಲ್ಲಿ ಇಲ್ಲಿಗೆ ಬಂದು ಜೂನ್ ಕೊನೆಯವರೆಗೆ ಇರುತ್ತಾರೆ. ಅವರನ್ನು ಲೋಫೋಟೆನ್ ದ್ವೀಪಗಳ ಕಡೆಗೆ ಕರೆದೊಯ್ಯಬೇಕೆಂಬ ಆಸೆಯಿದೆ. ಎಲ್ಲರೂ ಹೇಳುವುದು ರೈನೆ ಎಂಬ ಊರಿನ ಹೆಸರನ್ನೇ. ಅಲ್ಲಿನ ಚೂಪು ಬೆಟ್ಟಗಳ, ಕೆಂಪು ಮರದ ಮನೆಗಳ ಚಿತ್ರಗಳನ್ನು ನಾನೂ ನೋಡಿದ್ದೇನೆ. ಆದರೆ ನನ್ನ ತಂದೆಯವರು ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ವೆನಿಸ್ ನಗರದ ವ್ಯಾಪಾರಿಗಳ ಬಗ್ಗೆ ಏನನ್ನೋ ಓದುತ್ತಿದ್ದಾಗ, 15ನೆಯ ಶತಮಾನದಲ್ಲಿ ಅಲ್ಲಿನ ಒಬ್ಬ ಹಡಗಿನ ಯಜಮಾನ ದಿಕ್ಕುತಪ್ಪಿ ನಾರ್ವೆಯ ರೋಸ್ಟ್ ಎಂಬ ದ್ವೀಪಕ್ಕೆ ಬಂದು ಸೇರಿದ್ದನೆಂಬ ಸಂಗತಿ ಅವರ ಕಣ್ಣಿಗೆ ಬಿದ್ದಿದೆ. ಅಂದಿನಿಂದ ಆ ದ್ವೀಪವನ್ನೇ ನೋಡಬೇಕೆಂದು ಹೇಳುತ್ತಿದ್ದಾರೆ.

ಹೀಗಾಗಿ ಕೆಲವು ವಿಷಯಗಳನ್ನು ತಿಳಿದವರಿಂದ ಕೇಳಬಯಸುತ್ತೇನೆ. ಆ ವೆನಿಸ್ ಹಡಗಿನ ವೃತ್ತಾಂತ ದಾಖಲೆಯುಳ್ಳದ್ದೇ, ಅಥವಾ ಪ್ರವಾಸಿಗರಿಗಾಗಿ ಕಟ್ಟಿದ ಕಥೆಯೇ? ಸಮುದ್ರದ ನಡುವೆ ಅಷ್ಟು ದೂರದಲ್ಲಿ ಜನ ಇಷ್ಟು ಶತಮಾನಗಳಿಂದ ಯಾವ ಆಧಾರದ ಮೇಲೆ ಬಾಳಿಕೊಂಡು ಬಂದಿದ್ದಾರೆ? ಪಫಿನ್ ಹಕ್ಕಿಗಳು ಈಗಲೂ ಕಾಣಸಿಗುತ್ತವೆಯೇ? ತಾಯಿಯವರಿಗೆ ಮಂಡಿನೋವು ಇರುವುದರಿಂದ ಬೆಟ್ಟ ಹತ್ತುವಂತಹ ಜಾಗವಾದರೆ ಕಷ್ಟ. ನಾವು ಮೀನು ತಿನ್ನುವವರೂ ಅಲ್ಲ. ಇವೆಲ್ಲವನ್ನೂ ಗಮನದಲ್ಲಿಟ್ಟು ಸಲಹೆ ನೀಡಿದರೆ ಉಪಕಾರವಾಗುತ್ತದೆ.

ಉತ್ತರ: ಬೋಡೋನಿವಾಸಿ

ತಾಯಿಯವರ ಮಂಡಿನೋವಿನ ದೃಷ್ಟಿಯಿಂದ ನೋಡಿದರೆ ಲೋಫೋಟೆನ್‌ನಲ್ಲಿ ರೋಸ್ಟ್‌ಗಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲವೆಂದೇ ಹೇಳಬಹುದು. ರೈನೆಯ ಸುತ್ತಮುತ್ತಲಿನ ಪ್ರಸಿದ್ಧ ನೋಟಗಳನ್ನು ಪೂರ್ತಿಯಾಗಿ ಕಾಣಬೇಕಾದರೆ ಕಡಿದಾದ ಮೆಟ್ಟಿಲುಗಳನ್ನು ಹತ್ತಲೇಬೇಕು. ಜನವಸತಿಯಿರುವ ರೋಸ್ಟ್‌ನ ಮುಖ್ಯ ದ್ವೀಪವಾದರೋ ತಟ್ಟೆಯಂತೆ ಸಮತಟ್ಟಾಗಿದ್ದು, ಅದರ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಸುಮಾರು 12 ಮೀಟರ್ ಮಾತ್ರ. ಸಣ್ಣ ಸಣ್ಣ ಕೆರೆಗಳು, ಹುಲ್ಲುಗಾವಲು, ಜೌಗು, ಅವುಗಳ ನಡುವೆ ಹರಡಿಕೊಂಡ ಮನೆಗಳು, ಸೇತುವೆಗಳಿಂದ ಸೇರಿಸಿದ ಪುಟ್ಟ ನಡುಗಡ್ಡೆಗಳು ಇವೇ ಊರಿನ ರೂಪ. ಮರಗಳು ಇಲ್ಲವೆನ್ನುವಷ್ಟು ಕಡಿಮೆ. ಸೈಕಲ್ ತುಳಿಯುವವರಿಗೆ ಇಡೀ ಊರು ಒಂದು ಮಧ್ಯಾಹ್ನದ ಸುತ್ತಾಟ. ನಿಧಾನವಾಗಿ ನಡೆಯುವವರಿಗೂ ದಣಿವಾಗದ ದಾರಿಗಳಿವೆ.

ರೋಸ್ಟ್ ಎಂದರೆ ಆ ಒಂದು ದ್ವೀಪವಷ್ಟೇ ಅಲ್ಲ. ಲೋಫೋಟೆನ್ ದ್ವೀಪಸರಣಿಯ ನೈಋತ್ಯದ ಕೊನೆಯಲ್ಲಿ, ಬೋಡೋ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದ ಕಡಲಿನಲ್ಲಿ ಚೆದುರಿರುವ ನೂರಾರು ನಡುಗಡ್ಡೆ, ಬಂಡೆಗಳಿಗೆಲ್ಲ ಅದೇ ಹೆಸರು. ವರ್ಷದ ದಿನಕ್ಕೊಂದರಂತೆ 365 ಇವೆಯೆಂದು ಜನ ಹೇಳುವುದುಂಟು. ಸಮತಟ್ಟಾದ ಊರಿನ ದಡದಲ್ಲಿ ನಿಂತು ನೈಋತ್ಯಕ್ಕೆ ನೋಡಿದರೆ ವೆದೊಯಾ, ಸ್ಟೂರ್‌ಫ್ಯೆಲೆಟ್, ಟ್ರೆನೀಕೆನ್, ಹೆರ್ನೀಕೆನ್ ಮುಂತಾದ ಬೆಟ್ಟದ್ವೀಪಗಳು ನೀರಿನಿಂದ ನೇರವಾಗಿ ಎದ್ದು ನಿಂತಿರುತ್ತವೆ. ಅವುಗಳಲ್ಲಿ ಎತ್ತರವಾದುದು 250 ಮೀಟರ್‌ಗೂ ಹೆಚ್ಚು. ಅವೆಲ್ಲವನ್ನೂ ದಾಟಿದ ಮೇಲೆ ಕಟ್ಟಕಡೆಯದು ಸ್ಕೊಮ್‌ವೇರ್. ಅಲ್ಲಿ 1887ರಲ್ಲಿ ಬೆಳಗಿದ ಎರಕದ ಕಬ್ಬಿಣದ ದೀಪಸ್ತಂಭವಿದೆ. 1978ರಲ್ಲಿ ದೀಪ ಸ್ವಯಂಚಾಲಿತವಾಗುವ ತನಕ ಕಾವಲುಗಾರರ ಕುಟುಂಬಗಳು ಅಲ್ಲಿಯೇ ವಾಸವಾಗಿದ್ದವು. ನಾರ್ವೆಯ ಜಾನಪದದ ದೈತ್ಯರನ್ನು ಚಿತ್ರಿಸಿ ಹೆಸರಾದ ಕಲಾವಿದ ಥಿಯೊಡೋರ್ ಕಿಟೆಲ್ಸನ್ 1887ರಿಂದ 1889ರವರೆಗೆ ದೀಪಸ್ತಂಭದ ಕೆಲಸದಲ್ಲಿದ್ದ ತನ್ನ ಭಾವನ ಮನೆಯಲ್ಲಿ ಉಳಿದಿದ್ದುದು ಈ ಬಂಡೆಯ ಮೇಲೆಯೇ. ಆತನ ಚಿತ್ರಗಳಲ್ಲಿ ಕಡಲು ಜೀವವಿರುವ ಪ್ರಾಣಿಯಂತೆ ಏಕೆ ಕಾಣುತ್ತದೆಂಬುದು ಸ್ಕೊಮ್‌ವೇರ್‌ನ ಕಡೆಗೆ ದೋಣಿಯಲ್ಲಿ ಹೋದವರಿಗೆ ಚೆನ್ನಾಗಿ ತಿಳಿಯುತ್ತದೆ.

ಹವೆಯ ಬಗ್ಗೆ ಒಂದು ಮಾತು. ರೋಸ್ಟ್ ಉತ್ತರಧ್ರುವವೃತ್ತದ ಆಚೆಗೆ, 67 ಡಿಗ್ರಿಗೂ ಮೀರಿದ ಅಕ್ಷಾಂಶದಲ್ಲಿದೆ. ಅಷ್ಟು ಉತ್ತರದಲ್ಲಿದ್ದರೂ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಪಕ್ಕದಲ್ಲೇ ಹರಿಯುವುದರಿಂದ ಚಳಿಗಾಲದ ತಿಂಗಳುಗಳ ಸರಾಸರಿ ಉಷ್ಣಾಂಶವೂ ಸೊನ್ನೆಯ ಆಸುಪಾಸಿನಲ್ಲಿ, ಹೆಚ್ಚಾಗಿ ಅದಕ್ಕಿಂತ ತುಸು ಮೇಲೆಯೇ ಇರುತ್ತದೆ. ಇಷ್ಟು ಉತ್ತರದಲ್ಲಿ ಇಷ್ಟು ಸೌಮ್ಯವಾದ ಚಳಿಗಾಲ ಜಗತ್ತಿನ ಬೇರೆಡೆ ಸಿಗುವುದು ಅಪರೂಪ. ಚಳಿಗಿಂತ ಕಾಡುವುದು ಗಾಳಿ. ತಂದೆ-ತಾಯಿಗೆ ದಪ್ಪ ಸ್ವೆಟರ್ ಒಂದಿದ್ದರೆ ಸಾಲದು, ಅದರ ಮೇಲೆ ಗಾಳಿ ಮತ್ತು ಮಳೆ ತಡೆಯುವ ಅಂಗಿ ಬೇಕೇ ಬೇಕು.

ಬೋಡೋದಿಂದ ಹೋಗಲು ಎರಡು ದಾರಿಗಳಿವೆ. 1986ರಲ್ಲಿ ಆರಂಭವಾದ ಪುಟ್ಟ ವಿಮಾನನಿಲ್ದಾಣಕ್ಕೆ ಸಣ್ಣ ವಿಮಾನಗಳು ಹಾರುತ್ತವೆ, ಪ್ರಯಾಣ ಅರ್ಧ ಗಂಟೆಯಷ್ಟು. ಕಾರುಗಳನ್ನೂ ಹೊತ್ತೊಯ್ಯುವ ಫೆರ್ರಿಯಲ್ಲಾದರೆ 4 ಗಂಟೆಗೂ ಹೆಚ್ಚು ಹಿಡಿಯುತ್ತದೆ. ನೆರೆಯ ವೇರೊಯ್ ದ್ವೀಪವನ್ನು ಮುಟ್ಟಿ ಹೋಗುವ ದಿನ ಇನ್ನೂ ಹೆಚ್ಚು. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ವಾರದ ಯಾವ ದಿನ ಯಾವ ಕಡೆಗೆ ಹಡಗಿದೆಯೆಂದು ನೋಡಿಕೊಂಡೇ ವಸತಿ ಕಾಯ್ದಿರಿಸಬೇಕು. ನಡುರಾತ್ರಿಯ ಸೂರ್ಯನನ್ನು ಕಾಣುವ ಆಸೆಯಿದ್ದರೆ ಜೂನ್ ತಿಂಗಳೇ ಸರಿಯೆಂಬುದು ನನ್ನ ಅಭಿಪ್ರಾಯ.

ಉತ್ತರ: ಹಳೆಯನಕಾಶೆ

ತಮ್ಮ ತಂದೆಯವರ ಆಸಕ್ತಿಯನ್ನು ಕಂಡು ಬಹಳ ಸಂತೋಷವಾಯಿತು. ಆ ವೃತ್ತಾಂತ ಕಟ್ಟುಕಥೆಯಲ್ಲ. ಬದುಕುಳಿದವರೇ ಬರೆದಿಟ್ಟ ಎರಡು ವರದಿಗಳಿವೆ. ಒಂದು ಹಡಗಿನ ಯಜಮಾನ ಪಿಯೆತ್ರೊ ಕ್ವೆರಿನಿಯದು, ಇನ್ನೊಂದು ಆತನ ಜೊತೆಗಾರರಾದ ಕ್ರಿಸ್ತೊಫೊರೊ ಫಿಯೊರಾವಾಂತೆ ಮತ್ತು ನಿಕೊಲೊ ದಿ ಮಿಕಿಯೆಲ್ ಇಬ್ಬರ ಹೆಸರಿನಲ್ಲಿರುವುದು. 16ನೆಯ ಶತಮಾನದಲ್ಲಿ ವೆನಿಸಿನ ಜೊವಾನಿ ಬತ್ತಿಸ್ತಾ ರಾಮುಸಿಯೊ ಪ್ರವಾಸಕಥನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಇವೆರಡನ್ನೂ ಸೇರಿಸಿದ್ದರಿಂದ ಯುರೋಪಿನ ಓದುಗರಿಗೆ ಪರಿಚಯವಾದವು. ಮಧ್ಯಯುಗದ ಉತ್ತರ ನಾರ್ವೆಯ ಸಾಮಾನ್ಯ ಜನರ ದಿನಬಳಕೆಯ ಬದುಕನ್ನು ಹೊರಗಿನವನೊಬ್ಬ ಅವರ ಮನೆಯೊಳಗೇ ಇದ್ದು ನೋಡಿ ಬರೆದ ಬರಹಗಳು ಇವನ್ನು ಬಿಟ್ಟರೆ ಬಲು ವಿರಳ.

1431ರ ಏಪ್ರಿಲ್‌ನಲ್ಲಿ ಕ್ವೆರಿನಿ ಕ್ರೀಟ್ ದ್ವೀಪದ ಕ್ಯಾಂಡಿಯಾದಿಂದ ಮಾಲ್ವಸಿಯಾ ದ್ರಾಕ್ಷಾರಸ, ಸಾಂಬಾರ ಪದಾರ್ಥ ಮೊದಲಾದ ಸರಕನ್ನು ಹೇರಿಕೊಂಡು ಫ್ಲಾಂಡರ್ಸ್ ಕಡೆಗೆ ಹೊರಟ. ಹಡಗಿನಲ್ಲಿ 68 ಜನರಿದ್ದರು. ಸ್ಪೇನಿನ ತೀರದಲ್ಲಿ ಹಡಗಿಗೆ ಪೆಟ್ಟಾಗಿ ದುರಸ್ತಿಗೆ ವಾರಗಳು ಹೋದವು. ಶರತ್ಕಾಲದಲ್ಲಿ ಇಂಗ್ಲಿಷ್ ಕಾಲುವೆಯ ಬಾಯನ್ನು ಸಮೀಪಿಸುವ ಹೊತ್ತಿಗೆ ಬಿರುಗಾಳಿ ಅವರನ್ನು ಪಶ್ಚಿಮದ ಮಹಾಸಾಗರಕ್ಕೆ ತಳ್ಳಿತು. ಚುಕ್ಕಾಣಿ ಮುರಿಯಿತು, ಹಾಯಿಗಳು ಹರಿದವು, ಕೊನೆಗೆ ಕೂವೆಮರವನ್ನೇ ಕಡಿದು ನೀರಿಗೆ ಹಾಕಬೇಕಾಯಿತು. ಡಿಸೆಂಬರ್‌ನಲ್ಲಿ ಹಡಗನ್ನು ತೊರೆದು ಎರಡು ದೋಣಿಗಳಿಗೆ ಇಳಿದರು. ಚಿಕ್ಕ ದೋಣಿಯಲ್ಲಿದ್ದವರ ಸುಳಿವು ಮತ್ತೆ ಸಿಗಲಿಲ್ಲ. ದೊಡ್ಡ ದೋಣಿಯಲ್ಲಿ ಹತ್ತಿದ್ದ 47 ಜನರಲ್ಲಿ ಹೆಚ್ಚಿನವರು ಬಾಯಾರಿಕೆ, ಚಳಿಗಳಿಂದ ದಾರಿಯಲ್ಲೇ ತೀರಿಕೊಂಡರು. 1432ರ ಜನವರಿಯಲ್ಲಿ ಆ ದೋಣಿ ರೋಸ್ಟ್‌ನ ಸಾಂಡೊಯಾ ಎಂಬ ಜನವಸತಿಯಿಲ್ಲದ ನಡುಗಡ್ಡೆಗೆ ಬಡಿಯಿತು. ಉಳಿದವರು ಹಿಮವನ್ನು ತಿಂದು ದಾಹ ತೀರಿಸಿಕೊಂಡು, ಬಂಡೆಗೆ ಅಂಟಿದ ಚಿಪ್ಪುಜೀವಿಗಳನ್ನು ಕಿತ್ತು ತಿಂದು ವಾರಗಟ್ಟಲೆ ಜೀವ ಹಿಡಿದುಕೊಂಡರು. ಒಬ್ಬ ಮೀನುಗಾರ ತನ್ನ ಇಬ್ಬರು ಮಕ್ಕಳೊಂದಿಗೆ ಅಲ್ಲಿಗೆ ಬಂದು ಅವರನ್ನು ಕಂಡ. ಆ ಹೊತ್ತಿಗೆ ಜೀವದಿಂದ ಉಳಿದಿದ್ದವರು 11 ಮಂದಿ.

ಮುಂದಿನದು ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಭಾಗ. ಆಗ ರೋಸ್ಟ್‌ನಲ್ಲಿ ಇದ್ದವರು ಸುಮಾರು 120 ಜನ. ತಮ್ಮ ಭಾಷೆ ತಿಳಿಯದ, ಮೈಯೆಲ್ಲ ಹುಣ್ಣಾದ, ಮುಂದೆಂದೂ ಏನನ್ನೂ ಹಿಂದಿರುಗಿಸಲಾರದ 11 ಪರದೇಶಿಗಳನ್ನು ಅವರು ಚಳಿಗಾಲದ ನಡುವೆ ಮನೆಗೆ ಕರೆದೊಯ್ದು ಮೂರು ತಿಂಗಳಿಗೂ ಹೆಚ್ಚು ಕಾಲ ಉಣಿಸಿ ಸಾಕಿದರು. ಊರಿನ ಪಾದ್ರಿ ಜರ್ಮನಿಯವನಾಗಿದ್ದು ಅವನಿಗೂ ಕ್ವೆರಿನಿಗೂ ಲ್ಯಾಟಿನ್ ಬರುತ್ತಿದ್ದುದರಿಂದ ಮಾತುಕತೆಗೆ ದಾರಿಯಾಯಿತು. ಮನೆಗಳಿಗೆ ಬೀಗವಿಲ್ಲದಿರುವುದು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವುದು, ಗಾಳಿಯಲ್ಲಿ ಒಣಗಿಸಿದ ಮೀನನ್ನು ಕೊಡಲಿಯ ಹಿಂಬದಿಯಿಂದ ಜಜ್ಜಿ ಬೆಣ್ಣೆ ಬೆರೆಸಿ ತಿನ್ನುವುದು, ಅದೇ ಒಣಮೀನನ್ನು ನಾಣ್ಯದ ಬದಲಾಗಿ ಕೊಟ್ಟು ಧಾನ್ಯ, ಬಟ್ಟೆ ಪಡೆಯುವುದು ಎಲ್ಲವನ್ನೂ ವೆನಿಸಿನವರು ಬೆರಗಿನಿಂದ ದಾಖಲಿಸಿದ್ದಾರೆ. ತಾವು ಸ್ವರ್ಗದ ಮೊದಲ ಸುತ್ತಿನಲ್ಲಿದ್ದೆವು ಎಂಬರ್ಥದ ಮಾತೂ ಅಲ್ಲಿ ಬರುತ್ತದೆ. ವ್ಯಾಪಾರದ ಲೆಕ್ಕಾಚಾರದಲ್ಲೇ ಬೆಳೆದ ನಗರದವರಿಂದ ಬಂದ ಮಾತಾದ್ದರಿಂದ ಅದಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಮೇ ತಿಂಗಳಲ್ಲಿ ಊರಿನವರು ಒಣಮೀನನ್ನು ಮಾರಲು ಹೊರಟಾಗ ಈ ಅತಿಥಿಗಳೂ ಹಡಗು ಹತ್ತಿದರು. ತಾವೀಗ ಇರುವ ತ್ರೊಂಡ್‌ಹೈಮ್‌ಗೆ ಬಂದು, ಅಲ್ಲಿಂದ ಸ್ವೀಡನ್ನಿನ ವಾದ್‌ಸ್ಟೆನಾ ಮೂಲಕ ಸಾಗಿ, ಮುಂದೆ ಬೇರೆ ಬೇರೆ ಗುಂಪುಗಳಾಗಿ ತಮ್ಮ ಊರನ್ನು ಸೇರಿದರು. ಹೀಗಾಗಿ ತಂದೆಯವರೊಡನೆ ತ್ರೊಂಡ್‌ಹೈಮ್‌ನ ನಿದರೋಸ್ ಕೆಥೆಡ್ರಲ್ ನೋಡುವಾಗಲೇ ಕ್ವೆರಿನಿಯ ದಾರಿಯ ಒಂದು ನಿಲುಗಡೆಯನ್ನು ಕಂಡಂತಾಗುತ್ತದೆ.

ಇಟಲಿಗೆ ಒಣಮೀನನ್ನು ಪರಿಚಯಿಸಿದವನೇ ಕ್ವೆರಿನಿ ಎಂದು ಎರಡೂ ಕಡೆ ಹೇಳುವುದುಂಟು. ಇದನ್ನು ಎಚ್ಚರದಿಂದ ತೆಗೆದುಕೊಳ್ಳಬೇಕು. ಆತ ಹುಟ್ಟುವ ಮುಂಚೆಯೇ ಬೆರ್ಗೆನ್ ಬಂದರಿನಲ್ಲಿ ನೆಲೆಯೂರಿದ್ದ ಜರ್ಮನ್ ಹಾನ್ಸಾ ವ್ಯಾಪಾರಿಗಳು ಈ ಮೀನನ್ನು ಉತ್ತರ ಯುರೋಪಿನ ಪೇಟೆಗಳಿಗೆಲ್ಲ ಸಾಗಿಸುತ್ತಿದ್ದರು. ಒಬ್ಬ ಮನುಷ್ಯನ ಪ್ರಯಾಣದಿಂದ ಒಂದು ದೇಶದ ಅಡುಗೆ ಬದಲಾಯಿತೆನ್ನುವುದಕ್ಕಿಂತ, ಕ್ಯಾಥೊಲಿಕರ ಉಪವಾಸದ ದಿನಗಳಿಗೆ ಕೆಡದೆ ಉಳಿಯುವ ಆಹಾರವೊಂದು ಬೇಕಾಗಿತ್ತು ಎಂಬ ವಿವರಣೆಯೇ ಹೆಚ್ಚು ಒಪ್ಪತಕ್ಕದ್ದು. ಆದರೂ ನೆನಪು ಗಟ್ಟಿಯಾಗಿದೆ. ಐದು ಶತಮಾನ ತುಂಬಿದ 1932ರಲ್ಲಿ ಸಾಂಡೊಯಾದಲ್ಲಿ ಸ್ಮಾರಕ ಸ್ತಂಭವನ್ನು ನಿಲ್ಲಿಸಿದರು. ಇಟಲಿಯ ವಿಚೆಂಜಾ ಪ್ರಾಂತ್ಯದಲ್ಲಿ ಈ ಮೀನಿನ ಅಡುಗೆಯ ಹಬ್ಬ ನಡೆಸುವ ಸಾಂದ್ರಿಗೊ ಪಟ್ಟಣದೊಂದಿಗೆ ರೋಸ್ಟ್‌ಗೆ ಸೋದರ ಊರಿನ ಸಂಬಂಧವಿದೆ. 2012ರಲ್ಲಿ ದ್ವೀಪದವರು ಈ ಕಥೆಯನ್ನು ಒಪೆರಾ ಮಾಡಿ ತಮ್ಮ ಊರಿನಲ್ಲೇ ಆಡಿಸಿದರು. ಕೆಲವೇ ನೂರು ಜನರ ಊರೊಂದು ಒಪೆರಾ ಆಡಿಸುವುದೆಂದರೆ ಸಣ್ಣ ಮಾತಲ್ಲ.

ಉತ್ತರ: ಕುಮಟೆಯಕಡಲು

ಜನ ಯಾವ ಆಧಾರದ ಮೇಲೆ ಬಾಳಿದ್ದಾರೆಂಬ ತಮ್ಮ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಮೀನು ಸಂಸ್ಕರಣೆಯ ಯಂತ್ರಗಳ ಕೆಲಸದ ನಿಮಿತ್ತ ಲೋಫೋಟೆನ್‌ನ ಮೀನುಕೇಂದ್ರಗಳಿಗೆ ಹೋಗಿಬರುವ ಅವಕಾಶ ನನಗೆ ಸಿಕ್ಕಿದೆ.

ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಳೆಯುವ ಕಾಡ್ ಮೀನು ಮೊಟ್ಟೆಯಿಡುವ ವಯಸ್ಸಿಗೆ ಬಂದಾಗ ಪ್ರತಿ ಚಳಿಗಾಲದಲ್ಲೂ ನೂರಾರು ಕಿಲೋಮೀಟರ್ ಈಜಿ ಲೋಫೋಟೆನ್ ಸುತ್ತಲಿನ ನೀರಿಗೆ ಬರುತ್ತದೆ. ಹೀಗೆ ವಲಸೆ ಬರುವ ಕಾಡ್ ಮೀನನ್ನು ನಾರ್ವೆಯವರು ಸ್ಕ್ರೈ ಎನ್ನುತ್ತಾರೆ. ಜನವರಿಯಿಂದ ಏಪ್ರಿಲ್‌ವರೆಗೆ ಹಿಡಿಯುವ ಕಾಲ. ಊರಿನ ವರ್ಷದ ಸಂಪಾದನೆಯ ಮುಖ್ಯ ಭಾಗ ಆ ಕೆಲವು ತಿಂಗಳುಗಳಲ್ಲೇ ನಿರ್ಧಾರವಾಗುತ್ತದೆ. ಅದೇ ತಿಂಗಳುಗಳಲ್ಲಿ ರೋಸ್ಟ್‌ನ ಹವೆ ಹೆಪ್ಪುಗಟ್ಟಿಸುವಷ್ಟು ತಣ್ಣಗೂ ಅಲ್ಲ, ಕೊಳೆಯಿಸುವಷ್ಟು ಬೆಚ್ಚಗೂ ಅಲ್ಲ, ಮೇಲೆ ಬಿಡದೆ ಬೀಸುವ ಗಾಳಿ. ಮೀನು ಬರುವ ಕಾಲವೂ ಒಣಗಿಸುವ ಹವೆಯೂ ಹೀಗೆ ಒಂದೇ ಸಮಯಕ್ಕೆ ಕೂಡಿಬರುವುದರ ಮೇಲೆಯೇ ಇಡೀ ದ್ವೀಪದ ಚರಿತ್ರೆ ನಿಂತಿದೆ. ನಮ್ಮ ಉತ್ತರ ಕನ್ನಡದ ತೀರದಲ್ಲಿ ಉಪ್ಪು ಹಾಕಿ ಬಿಸಿಲಿಗೆ ಹರಡಿ ಮೀನು ಒಣಗಿಸುತ್ತೇವೆ. ಅಲ್ಲಿ ಉಪ್ಪೂ ಇಲ್ಲ, ಬಿಸಿಲೂ ಇಲ್ಲ, ಗಾಳಿಯೊಂದೇ ಕೆಲಸ ಮಾಡುತ್ತದೆ.

ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿಗೆ ಹೋದಾಗ ತಿಳಿದು ನೋಡಿದರೆ ಮೀನು ತೂಗುಹಾಕುವ ಮರದ ಚೌಕಟ್ಟುಗಳಾದ ಆ ಒಣಗುಚಾವಡಿಗಳು ಬೇರೆಯೇ ಆಗಿ ಕಾಣುತ್ತವೆ. ದೋಣಿಯಿಂದ ಇಳಿದ ಮೀನಿನ ಹೊಟ್ಟೆ ಸೀಳಿ, ತಲೆ ತೆಗೆದು, ತೊಳೆದು, ಒಂದೇ ಗಾತ್ರದ ಎರಡೆರಡನ್ನು ಬಾಲದ ಬಳಿ ಹಗ್ಗದಿಂದ ಬಿಗಿದು ಜೋಡಿ ಮಾಡುತ್ತಾರೆ. ಆ ಜೋಡಿಯನ್ನು ಮರದ ಗಳುವಿನ ಮೇಲೆ ಆಚೆಗೊಂದು ಈಚೆಗೊಂದು ಇಳಿಬೀಳುವಂತೆ, ಮೀನಿಗೆ ಮೀನು ತಾಗದಂತೆ ತೂಗುಹಾಕುತ್ತಾರೆ. ತಾಗಿದ ಕಡೆ ಗಾಳಿಯಾಡದೆ ಕೊಳೆತ ಹತ್ತುತ್ತದೆ. ತಲೆಗಳನ್ನು ಬೇರೆಯಾಗಿ ಪೋಣಿಸಿ ಒಣಗಿಸುತ್ತಾರೆ. ಅವು ಹೆಚ್ಚಾಗಿ ನೈಜೀರಿಯಾಕ್ಕೆ ಹೋಗಿ ಅಲ್ಲಿನ ಸಾರುಗಳಿಗೆ ರುಚಿ ಕೊಡುತ್ತವೆ. ತಲೆಯನ್ನು ಕಳಿಸುವ ಮುನ್ನ ನಾಲಿಗೆಯನ್ನು ಕೊಯ್ದು ತೆಗೆಯುವುದು ಊರಿನ ಶಾಲಾಮಕ್ಕಳ ಸಂಪಾದನೆ. ಆರೇಳು ವರ್ಷದ ಮಕ್ಕಳೂ ಹರಿತವಾದ ಚಾಕು ಹಿಡಿದು ಈ ಕೆಲಸ ಮಾಡಿ ಕೈತುಂಬ ಹಣ ಗಳಿಸುತ್ತಾರೆ, ಅದರ ಬಗ್ಗೆ ಹೆತ್ತವರಿಗೆ ಹೆಮ್ಮೆಯೇ ಹೊರತು ಆತಂಕವಿಲ್ಲ. ಸಮುದ್ರದೊಡನೆ ಬಾಳಬೇಕಾದ ಮಗು ಕೈಯ ಕೆಲಸವನ್ನು ಬೇಗ ಕಲಿಯಲಿ ಎಂಬ ಅವರ ನಿಲುವು ನನಗೆ ಸರಿಯೆನಿಸುತ್ತದೆ.

ಮೂರು ತಿಂಗಳ ಹೊತ್ತು ಗಾಳಿಯಲ್ಲಿದ್ದು ಮೀನು ತನ್ನ ನೀರಿನ ಬಹುಪಾಲನ್ನು ಕಳೆದುಕೊಂಡು ಮರದ ತುಂಡಿನಂತೆ ಗಟ್ಟಿಯಾಗುತ್ತದೆ. ಆ ಮೇಲೆ ಒಳಗಿನ ಗೋದಾಮಿನಲ್ಲಿ ಇನ್ನೆರಡು ಮೂರು ತಿಂಗಳು ಹದವಾಗಬೇಕು. ಕೊನೆಗೆ ಬರುವವನು ವ್ರಾಕರ್, ಅಂದರೆ ದರ್ಜೆ ನಿರ್ಧರಿಸುವ ಕಸುಬುದಾರ. ಒಂದೊಂದು ಮೀನನ್ನೂ ಬೆಳಕಿಗೆ ಹಿಡಿದು ಮೈಬಣ್ಣ ನೋಡಿ, ಹೊಟ್ಟೆಯ ಒಳಭಾಗವನ್ನು ಪರೀಕ್ಷಿಸಿ, ಮೂಸಿ, ಬೆರಳಿನಿಂದ ಒತ್ತಿ, ಸುಮಾರು 20 ದರ್ಜೆಗಳಲ್ಲಿ ಅದು ಯಾವುದಕ್ಕೆ ಸೇರಬೇಕೆಂದು ಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಹಿಮ ಕಚ್ಚಿದ ಮಾಂಸ, ಹಕ್ಕಿ ಕುಕ್ಕಿದ ಗಾಯ, ಹೊಟ್ಟೆಯಲ್ಲಿ ಉಳಿದ ರಕ್ತದ ಕಲೆ ಯಾವುದೂ ಅವನ ಕಣ್ಣು ತಪ್ಪುವುದಿಲ್ಲ. ಮೇಲಿನ ದರ್ಜೆಗಳು ಇಟಲಿಗೆ ಹೋಗುತ್ತವೆ. ಯಂತ್ರಗಳ ಕೆಲಸವೇ ನನ್ನ ಜೀವನವಾದರೂ, ಈ ತೀರ್ಮಾನವನ್ನು ಯಂತ್ರಕ್ಕೆ ವಹಿಸದೆ ಇರುವುದೇ ಮೇಲೆಂದು ನಾನು ನಂಬಿದ್ದೇನೆ. ಲೋಫೋಟೆನ್‌ನ ಒಣಮೀನಿಗೆ ಭೌಗೋಳಿಕ ಗುರುತಿನ ರಕ್ಷಣೆ ನಾರ್ವೆಯಲ್ಲಿ 2007ರಲ್ಲೂ ಯುರೋಪಿಯನ್ ಒಕ್ಕೂಟದಲ್ಲಿ 2014ರಲ್ಲೂ ದೊರೆತಿದೆ.

ಇಲ್ಲಿ ಬೋಡೋನಿವಾಸಿಯವರ ಸಲಹೆಯನ್ನು ಗೌರವದಿಂದಲೇ ತಿದ್ದಬಯಸುತ್ತೇನೆ. ಜೂನ್‌ನಲ್ಲಿ ಹೋದರೆ ಮೀನನ್ನೆಲ್ಲ ಗಳುಗಳಿಂದ ಇಳಿಸಿ ಒಳಗೆ ಸೇರಿಸಿರುತ್ತಾರೆ. ಬರಿಯ ಮರದ ಚೌಕಟ್ಟುಗಳನ್ನು ನೋಡಿ ಬರಬೇಕಾಗುತ್ತದೆ. ಮೇ ತಿಂಗಳ ನಡುವೆ ಹೋದರೆ ಗಳುಗಳು ತುಂಬಿರುತ್ತವೆ, ರಾತ್ರಿಯೂ ಕತ್ತಲೆಯಿರುವುದಿಲ್ಲ, ಮೇ 17ರ ರಾಷ್ಟ್ರೀಯ ದಿನದ ಮೆರವಣಿಗೆಯಲ್ಲಿ ಊರಿನ ಮಕ್ಕಳು ಹಿರಿಯರೆಲ್ಲ ಬಾವುಟ ಹಿಡಿದು ನಡೆಯುವುದನ್ನೂ ಕಾಣಬಹುದು.

ಉತ್ತರ: ಕಡಲಹಕ್ಕಿ

ಪಫಿನ್‌ಗಳ ಬಗ್ಗೆ ಸತ್ಯವನ್ನು ಹೇಳಿಯೇ ಕಳಿಸಬೇಕು. ಹಕ್ಕಿಗಳು ಇವೆ, ಕಾಣಸಿಗುತ್ತವೆ. ಆದರೆ ಹಿಂದಿನವರು ಕಂಡದ್ದಕ್ಕೂ ಇಂದು ಕಾಣುವುದಕ್ಕೂ ಬಹಳ ಅಂತರವಿದೆ. 1979ರಲ್ಲಿ ವ್ಯವಸ್ಥಿತ ಎಣಿಕೆ ಆರಂಭವಾದಾಗ ರೋಸ್ಟ್‌ನ ಬೆಟ್ಟದ್ವೀಪಗಳಲ್ಲಿ ಸುಮಾರು 14 ಲಕ್ಷ ಜೋಡಿ ಪಫಿನ್‌ಗಳು ಗೂಡು ಮಾಡುತ್ತಿದ್ದವು. 2015ರ ಸುಮಾರಿಗೆ ಅದು 3 ಲಕ್ಷ ಜೋಡಿಗಿಂತಲೂ ಕೆಳಕ್ಕೆ ಇಳಿದಿತ್ತು.

ಕಾರಣ ಹೆಚ್ಚಾಗಿ ಹೊಟ್ಟೆಪಾಡಿನದು. ಪಫಿನ್ ಹುಲ್ಲುನೆಲದಲ್ಲಿ ಬಿಲ ತೋಡಿ, ಅದರ ಕೊನೆಯಲ್ಲಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಮರಿ ಒಡೆದ ಮೇಲೆ ತಂದೆ-ತಾಯಿ ಎರಡೂ ಸರದಿಯಂತೆ ಕಡಲಿಗೆ ಹಾರಿ, ಕೊಕ್ಕಿನಲ್ಲಿ ಅಡ್ಡಡ್ಡಲಾಗಿ ಜೋಡಿಸಿದ ಎಳೆಮೀನುಗಳನ್ನು ತಂದು ಉಣಿಸುತ್ತವೆ. ರೋಸ್ಟ್‌ನಲ್ಲಿ ಆ ಎಳೆಮೀನೆಂದರೆ ಮುಖ್ಯವಾಗಿ ಹೆರಿಂಗ್ ಮರಿ. ವಸಂತದಲ್ಲಿ ದಕ್ಷಿಣದ ತೀರದಲ್ಲಿ ಮೊಟ್ಟೆಯೊಡೆದು ಪ್ರವಾಹದೊಡನೆ ಉತ್ತರಕ್ಕೆ ತೇಲಿಬರುವ ಈ ಮರಿಗಳು ಸರಿಯಾದ ವಾರಗಳಲ್ಲಿ ಸರಿಯಾದ ಗಾತ್ರದಲ್ಲಿ ರೋಸ್ಟ್‌ನ ಪಕ್ಕ ಹಾದುಹೋದರೆ ಮಾತ್ರ ಬಿಲದೊಳಗಿನ ಮರಿ ಬದುಕುತ್ತದೆ. 1960ರ ದಶಕದ ಕೊನೆಗೆ ಮಿತಿಮೀರಿದ ಹಿಡಿತದಿಂದ ಹೆರಿಂಗ್ ಸಂತತಿ ಕುಸಿದುಬಿತ್ತು. ಆ ಬಳಿಕ 1980ರ ದಶಕದ ಆರಂಭದವರೆಗೆ ಹೆಚ್ಚಿನ ವರ್ಷಗಳಲ್ಲಿ ರೋಸ್ಟ್‌ನ ಪಫಿನ್ ಮರಿಗಳು ಬಿಲಗಳಲ್ಲೇ ಹಸಿದು ಸತ್ತವು. ಮುಂದೆ ಹೆರಿಂಗ್ ಚೇತರಿಸಿಕೊಂಡರೂ 2000ದ ದಶಕದ ನಡುವಿನಿಂದ ಮರಿಗಳ ಸೋಲು ಮತ್ತೆ ಮರುಕಳಿಸಿದೆ. ಬಲಿತ ಹಕ್ಕಿಗಳು ದಶಕಗಳ ಕಾಲ ಬದುಕಬಲ್ಲವಾದ್ದರಿಂದ ಬೆಟ್ಟ ಒಮ್ಮೆಲೇ ಬರಿದಾಗುವುದಿಲ್ಲ. ಮೇಲ್ನೋಟಕ್ಕೆ ಸಾವಿರಾರು ಹಕ್ಕಿಗಳು ಸುತ್ತುತ್ತಿದ್ದರೂ ಅವುಗಳಲ್ಲಿ ಹೊಸ ತಲೆಮಾರಿನವು ಕಡಿಮೆ.

ವೆದೊಯಾದ ಸ್ಥಿತಿ ಇನ್ನೂ ಕಠಿಣ. ಒಂದು ಕಾಲಕ್ಕೆ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳ ಕೂಗಿನಿಂದ ಮಾತೇ ಕೇಳಿಸುತ್ತಿರಲಿಲ್ಲವೆನ್ನುವ ಆ ಬಂಡೆಗೋಡೆ ಇಂದು ಬಹುಪಾಲು ಖಾಲಿಯಾಗಿದೆ. 2021ರ ನಾರ್ವೆಯ ಕೆಂಪುಪಟ್ಟಿಯಲ್ಲಿ ಪಫಿನ್ ಮತ್ತು ಕಿಟ್ಟಿವೇಕ್ ಎರಡೂ ಅಪಾಯಕ್ಕೆ ಸಿಲುಕಿದ ಪ್ರಭೇದಗಳಾಗಿವೆ. ಹೆರ್ನೀಕೆನ್ ದ್ವೀಪದಲ್ಲಿ ಸಂಶೋಧಕರು ದಶಕಗಳಿಂದ ಪ್ರತಿ ಬೇಸಿಗೆ ತಂಗಿ, ಬಿಲಬಿಲಗಳನ್ನು ಪರಿಶೀಲಿಸುತ್ತ ಬಂದಿರುವುದರಿಂದಲೇ ನಮಗೆ ಇಷ್ಟು ನಿಖರವಾಗಿ ಈ ಸಂಗತಿಗಳು ತಿಳಿದಿವೆ. ಅವರ ತಾಳ್ಮೆಗೆ ನಾವೆಲ್ಲ ಋಣಿಗಳು.

ನೋಡುವುದಾದರೆ ದೋಣಿಯಿಂದಲೇ ನೋಡಿ. ಪಫಿನ್‌ಗಳು ಏಪ್ರಿಲ್‌ನಲ್ಲಿ ಬಂದು ಆಗಸ್ಟ್‌ನಲ್ಲಿ ಹೊರಟುಬಿಡುತ್ತವೆ. ಮೇ ನಡುವಿನಲ್ಲಿ ಜೋಡಿಯಲ್ಲೊಂದು ಬಿಲದಲ್ಲಿ ಕಾವಿಗೆ ಕೂತಿರುತ್ತದೆಯಾದರೂ ಸಂಜೆಯ ಹೊತ್ತಿಗೆ ಬೆಟ್ಟದ ಕೆಳಗಿನ ನೀರಿನ ಮೇಲೆ ಗುಂಪುಗೂಡುವುದುಂಟು. ಹುಲ್ಲಿನ ಇಳಿಜಾರಿನಲ್ಲಿ ಕಾಲಿಟ್ಟರೆ ಬಿಲಗಳು ಕುಸಿಯುತ್ತವೆ. ದೋಣಿಯವರು ಇಳಿಯಬೇಡಿ ಎಂದ ಕಡೆ ದಯವಿಟ್ಟು ಇಳಿಯಬೇಡಿ. ಬಿಳಿಬಾಲದ ಕಡಲ ಹದ್ದನ್ನು ಮಾತ್ರ ಊರಿನಿಂದಲೇ ಕಾಣಬಹುದು.

ಮತ್ತೆ ಕೇಳಿದ್ದು: ತ್ರೊಂಡ್‌ಹೈಮ್‌ವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹಳೆಯನಕಾಶೆಯವರ ಉತ್ತರವನ್ನು ತಂದೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ಆ 120 ಜನರ ವಂಶದವರು ಈಗಲೂ ಅಲ್ಲಿ ಉಳಿದಿದ್ದಾರೆಯೇ, ಮುಂದೆಯೂ ಉಳಿಯುತ್ತಾರೆಯೇ ಎಂಬುದು ಅವರ ಪ್ರಶ್ನೆ. ಕಡಲಡಿಯ ತೈಲದ ವಿಚಾರವಾಗಿ ಲೋಫೋಟೆನ್‌ನಲ್ಲಿ ವಿವಾದವಿದೆಯೆಂದು ಕೇಳಿದ್ದೇನೆ. ಅದು ರೋಸ್ಟ್‌ಗೂ ಸಂಬಂಧಿಸಿದ್ದೇ?

ಉತ್ತರ: ಕುಮಟೆಯಕಡಲು

ಸಂಬಂಧಿಸಿದ್ದೇ, ಅದೂ ನೇರವಾಗಿ. ರೋಸ್ಟ್‌ನ ಸುತ್ತಲಿನ ಕಡಲಡಿಯ ವಲಯಗಳಲ್ಲಿ ತೈಲ, ಅನಿಲ ಶೋಧನೆಗೆ ಅನುಮತಿ ಕೊಡಬೇಕೋ ಬೇಡವೋ ಎಂಬುದು 2000ದಿಂದೀಚೆಗೆ ನಾರ್ವೆಯ ರಾಜಕೀಯದಲ್ಲಿ ಪದೇ ಪದೇ ಎದ್ದ ಪ್ರಶ್ನೆ. ಸ್ಕ್ರೈ ಮೊಟ್ಟೆಯಿಡುವುದೂ, ಹೆರಿಂಗ್ ಮರಿಗಳು ಹಾದುಹೋಗುವುದೂ ಆ ನೀರಿನಲ್ಲೇ. ಮೀನುಗಾರರೂ ಪರಿಸರದವರೂ ಒಟ್ಟಾಗಿ ವಿರೋಧಿಸಿದರು. 2019ರಲ್ಲಿ ಲೇಬರ್ ಪಕ್ಷ ಶೋಧನೆಗೆ ನೀಡಿದ್ದ ಬೆಂಬಲವನ್ನು ಹಿಂತೆಗೆದುಕೊಂಡ ಮೇಲೆ ಸಂಸತ್ತಿನಲ್ಲಿ ಅದರ ಪರವಾದ ಬಹುಮತ ಇಲ್ಲವಾಯಿತು. ತೈಲದಿಂದ ಶ್ರೀಮಂತವಾದ ದೇಶವೊಂದು ಮೀನಿಗಾಗಿ ತೈಲವನ್ನು ನೆಲದಡಿಯೇ ಬಿಟ್ಟಿರುವುದು ನನ್ನ ಮಟ್ಟಿಗೆ ಅತ್ಯಂತ ವಿವೇಕದ ತೀರ್ಮಾನ. ರೋಸ್ಟ್‌ನ ಪಶ್ಚಿಮದ ಆಳದಲ್ಲಿ 2002ರಲ್ಲಿ ಪತ್ತೆಯಾದ ತಣ್ಣೀರಿನ ಹವಳದ ದಿಬ್ಬ ಸುಮಾರು 300ರಿಂದ 400 ಮೀಟರ್ ಆಳದಲ್ಲಿ 35 ಕಿಲೋಮೀಟರ್‌ಗೂ ಉದ್ದಕ್ಕೆ ಹಬ್ಬಿದ್ದು, ಪತ್ತೆಯಾದಾಗ ಆ ಬಗೆಯವುಗಳಲ್ಲಿ ತಿಳಿದಿದ್ದ ಅತಿ ದೊಡ್ಡದಾಗಿತ್ತು. ತಳವನ್ನು ಕೆರೆದುಕೊಂಡು ಹೋಗುವ ಬಲೆಗಳನ್ನು ಅಲ್ಲಿ ನಿಷೇಧಿಸಿದ್ದಾರೆ.

ಜನಸಂಖ್ಯೆಯ ಮಾತು ಸುಲಭದ್ದಲ್ಲ. 1928ರಲ್ಲಿ ವೇರೊಯ್‌ನಿಂದ ಬೇರೆಯಾಗಿ ಸ್ವಂತ ಪುರಸಭೆಯಾದ ಊರಿದು. ಈಗ ಅಲ್ಲಿರುವವರು 500ರ ಆಸುಪಾಸು. ಶಾಲೆ, ಆರೋಗ್ಯ, ಬಂದರು ಎಲ್ಲವನ್ನೂ ಅಷ್ಟು ಜನರೇ ನಡೆಸಬೇಕು. ಎಳೆಯರು ಹೆಚ್ಚಿನ ಓದಿಗೆ ಬೋಡೋಗೆ ಹೋದರೆ ಎಲ್ಲರೂ ಮರಳುವುದಿಲ್ಲ. ಮೀನಿನ ಕೆಲಸದ ತಿಂಗಳುಗಳಲ್ಲಿ ಪೂರ್ವ ಯುರೋಪಿನಿಂದ ಬಂದ ಕೆಲಸಗಾರರಿಲ್ಲದೆ ಗಳುಗಳು ತುಂಬುವುದಿಲ್ಲ, ಅವರಲ್ಲಿ ಕೆಲವರು ಅಲ್ಲೇ ನೆಲೆಸಿಯೂ ಇದ್ದಾರೆ. ಹೊರಗಿನಿಂದ ಬಂದವರಿಗೆ ಸೂರು ಕೊಡುವುದು ಆ ಊರಿಗೆ ಹೊಸದಲ್ಲ ಎಂದು ತಂದೆಯವರಿಗೆ ತಿಳಿಸಿ.

ಉತ್ತರ: ಬೋಡೋನಿವಾಸಿ

ಮೇ ನಡುವಿನ ಸಲಹೆ ನನಗೂ ಒಪ್ಪಿಗೆ. ಹಾಗಾದರೆ ನಡುರಾತ್ರಿಯ ಸೂರ್ಯನನ್ನು ಜೂನ್‌ನಲ್ಲಿ ಬೋಡೋದಲ್ಲೇ ಇನ್ನೊಮ್ಮೆ ನೋಡಿಕೊಳ್ಳಬಹುದು.

ಕೆಲವು ವ್ಯವಸ್ಥೆಗಳನ್ನು ಮೊದಲೇ ಮಾಡಿಕೊಳ್ಳಿ. ಸಾಂಡೊಯಾ, ಸ್ಕೊಮ್‌ವೇರ್ ಕಡೆಗೆ ದೋಣಿಗಳು ಬೇಸಿಗೆಯಲ್ಲಿ ಹೆಚ್ಚು ಓಡುತ್ತವೆ. ಮೇ ತಿಂಗಳಲ್ಲಿ ಜನ ಸೇರಿದರೆ, ಅಲೆ ಒಪ್ಪಿದರೆ ಮಾತ್ರ. ಆದ್ದರಿಂದ ವಸತಿ ಕಾಯ್ದಿರಿಸುವಾಗಲೇ ದೋಣಿಯ ವಿಷಯವನ್ನೂ ವಿಚಾರಿಸಿ, ಕೈಯಲ್ಲಿ ಒಂದೆರಡು ದಿನ ಹೆಚ್ಚಾಗಿ ಇಟ್ಟುಕೊಳ್ಳಿ. ಮಂಡಿನೋವಿರುವ ತಾಯಿಯವರು ತೂಗಾಡುವ ಚಿಕ್ಕ ದೋಣಿಯಿಂದ ಬಂಡೆಯ ಮೇಲೆ ಇಳಿಯುವ ಸಾಹಸ ಮಾಡುವುದು ಬೇಡ. ದೋಣಿಯಲ್ಲೇ ಕುಳಿತು ಸ್ಮಾರಕವನ್ನು ನೋಡಿದರೆ ಸಾಕು. ಹಾಗೆಯೇ ಮೇ 17 ಸಾರ್ವಜನಿಕ ರಜಾದಿನವಾದ್ದರಿಂದ ಅಂಗಡಿ ಮುಚ್ಚಿರುತ್ತದೆ, ಫೆರ್ರಿಯ ಸಮಯವೂ ಬೇರೆಯಿರುತ್ತದೆ.

ಊಟದ ಚಿಂತೆ ಬೇಡ. ಹೋಟೆಲಿನ ಊಟವನ್ನು ನೆಚ್ಚಿಕೊಳ್ಳುವ ಬದಲು ಅಡುಗೆಮನೆಯಿರುವ ರೂರ್‌ಬು, ಅಂದರೆ ಮೀನುಗಾರರ ಹಳೆಯ ಬಗೆಯ ಮರದ ಮನೆಯೊಂದನ್ನು ಹಿಡಿಯಿರಿ. ಊರಿನಲ್ಲಿ ದಿನಸಿ ಅಂಗಡಿಯಿದೆ. ಹಾಲು, ಬ್ರೆಡ್, ಆಲೂಗಡ್ಡೆ, ಸಾಮಾನ್ಯ ತರಕಾರಿಗಳು ಸಿಗುತ್ತವೆ. ಅಕ್ಕಿ, ಬೇಳೆ, ಸಾರಿನ ಪುಡಿಯನ್ನು ತ್ರೊಂಡ್‌ಹೈಮ್‌ನಿಂದಲೇ ಒಯ್ಯುವುದು ಒಳ್ಳೆಯದು. ಗಳುಗಳು ತುಂಬಿರುವ ಆ ದಿನಗಳಲ್ಲಿ ಮೀನಿನ ವಾಸನೆ ಊರಿಡೀ ಇರುತ್ತದೆಂಬುದನ್ನು ಮಾತ್ರ ತಾಯಿಯವರಿಗೆ ಮುಂಚಿತವಾಗಿ ಹೇಳಿರಿ, ಮತ್ತು ಮನೆ ಗೊತ್ತುಮಾಡುವಾಗ ಒಣಗುಚಾವಡಿಗಳಿಂದ ಗಾಳಿ ಬೀಸಿ ಬರುವ ಬದಿಯಲ್ಲಿ ಬೇಡವೆಂದು ಕೇಳಿಕೊಳ್ಳಿ.